ಗರಗಸ ತಿಂದ ಮರ

ದೇರೆಬೈಲಿನ ಲಿಗೋರಿ ಮೇಸ್ತ್ರಿ ಕೂರಿಸಿದ ಬಾಗಿಲು ಆಟಿ ತಿಂಗಳ ಜಡಿಮಳೆಗೆ ಬಿಗಿಯುವುದಿಲ್ಲ, ಬೇಸಗೆಗೆ ಸಡಿಲವಾಗುವುದಿಲ್ಲ ಎಂದು ಐವತ್ತರ ದಶಕದಲ್ಲಿ ನಮ್ಮ ಕಡೆ ಹೇಳುತ್ತಿದ್ದರು. ಮರಗೆಲಸದಲ್ಲಿ ಅವರು ಮಾಡದೆ ಬಿಟ್ಟದ್ದು ಕಡಿಮೆ. ಇಗರ್ಜಿಯ ಬೆಂಚು, ಬಂಗಲೆಗಳ ಕಪಾಟು, ಮಾಳಿಗೆಯ ಮೆಟ್ಟಿಲು, ಕೊನೆಗೆ ಶವಪೆಟ್ಟಿಗೆ ಕೂಡ. ಶವಪೆಟ್ಟಿಗೆಯ ಮುಚ್ಚಳವನ್ನೂ ಗಾಳಿ ತೂರದ ಹಾಗೆ ಕೂರಿಸುತ್ತಿದ್ದರು. "ಮಣ್ಣಿನಡಿ ಹೋಗುವುದನ್ನು ಯಾರು ನೋಡ್ತಾರೆ ಮಾರಾಯ?" ಎಂದು ಯಾರಾದರೂ ಕೇಳಿದರೆ, "ನಾನು ನೋಡ್ತೇನಲ್ಲ" ಎನ್ನುತ್ತಿದ್ದರು.

ನಾನು ಅವರ ನೆರೆಮನೆಯವನು. ಈಗ ಹೇಳುವ ಸಂಗತಿ ಅವರು ಬದುಕಿರುವವರೆಗೆ ನನಗೆ ಗೊತ್ತಿರಲಿಲ್ಲ. ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಅವರ ಹೆಂಡತಿ ವೆರೋನಿಕಾ ಬಾಯಿ ಹೇಳಿದರು. ಹೇಳುವಾಗ ತಾವೇ ತಪ್ಪು ಮಾಡಿದವರ ಹಾಗೆ ಸೆರಗಿನ ತುದಿಯನ್ನು ಮಡಿಸುತ್ತಾ ಬಿಡಿಸುತ್ತಾ ಕೂತಿದ್ದರು.

ಲಿಗೋರಿಯವರ ಅಪ್ಪನೂ ಬಡಗಿಯೇ. ಮಗನನ್ನು ಮೂರನೇ ಕ್ಲಾಸಿಗೆ ಶಾಲೆ ಬಿಡಿಸಿ ಕೆಲಸಕ್ಕೆ ಹಚ್ಚಿದ್ದರು. ಗೆರೆ ತಪ್ಪಿದರೆ ಅಡಿಕೋಲಿನ ಅಂಚಿನಿಂದ ಬೆರಳ ಗಂಟಿಗೆ ಪೆಟ್ಟು. ಆ ಪೆಟ್ಟಿನಿಂದಲೇ ಅವರು ಅಳತೆ ಕಲಿತದ್ದು. ಆಟ ಎನ್ನುವುದು ಕೆಲಸ ಇಲ್ಲದವರ ಸಂಗತಿ ಎಂದು ಅವರಿಗೆ ಆಗಲೇ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಮದುವೆಯಾಗಿ ಹದಿನೆಂಟು ವರ್ಷವಾದರೂ ಮಕ್ಕಳಾಗಲಿಲ್ಲ. ಹಾಗಾಗಿ ಆ ಮಾತನ್ನು ಬದಲಿಸಿಕೊಳ್ಳುವ ಸಂದರ್ಭವೂ ಬರಲಿಲ್ಲ.

ಐವತ್ತೆಂಟನೇ ಇಸವಿಯ ಮೇ ತಿಂಗಳಲ್ಲಿ ಎಸ್ತೆರ್ ಟೀಚರ್ ಅವರ ಶೆಡ್ಡಿಗೆ ಬಂದರು. ಟೀಚರಿಗೆ ಆಗ ಮೂವತ್ತೈದರ ಹತ್ತಿರ ವಯಸ್ಸು, ಮದುವೆಯಾಗಿರಲಿಲ್ಲ. ಮದ್ರಾಸಿಗೆ ಹೋಗಿ ಸಣ್ಣ ಮಕ್ಕಳಿಗೆ ಕಲಿಸುವ ತರಬೇತಿ ಮಾಡಿ ಬಂದಿದ್ದರು. ಕದ್ರಿಯಲ್ಲಿ ತಮ್ಮ ಮನೆಯ ಜಗಲಿ ಮತ್ತು ಚಾವಡಿಯಲ್ಲೇ ಒಂದು ನರ್ಸರಿ ತೆರೆಯುವವರಿದ್ದರು. ಬಂಗಲೆಯವರ ಮಕ್ಕಳೂ ಹಂಚಿನ ಕಾರ್ಖಾನೆಗೆ ಹೋಗುವವರ ಮಕ್ಕಳೂ ಒಂದೇ ಚಾಪೆಯಲ್ಲಿ ಕೂತುಕೊಳ್ಳಬೇಕು ಎಂಬುದು ಅವರ ಹಟ. ಕೈಯಲ್ಲಿ ಒಂದು ಕಾಗದ ಇತ್ತು, ಅದರಲ್ಲಿ ನೀಲಿ ಶಾಯಿಯ ಚಿತ್ರ.

"ಮೇಸ್ತ್ರಿ, ಇದು ಬ್ಲಾಕ್ಸ್, ಮಕ್ಕಳಿಗೆ ಕಟ್ಟಿ ಆಡ್ಲಿಕ್ಕೆ ಮರದ ತುಂಡು. ಇಡೀ ತುಂಡು ಎಂಬತ್ತು, ಅರ್ಧ ತುಂಡು ಎಂಬತ್ತು. ಇಡೀ ತುಂಡಿಗೆ ದಪ್ಪ ಒಂದೂವರೆ ಇಂಚು, ಅಗಲ ಮೂರು, ಉದ್ದ ಆರು. ಅರ್ಧ ಅಂದ್ರೆ ಸರಿಯಾಗಿ ಅರ್ಧ."

ಲಿಗೋರಿಯವರಿಗೆ ನಗು ಬಂತು. "ಆಟಕ್ಕೆ ಇಷ್ಟು ಅಳತೆ ಯಾಕೆ ಟೀಚರ್? ಬೀಳಿಸ್ಲಿಕ್ಕೆ ಅಲ್ವಾ ಮಕ್ಕಳು ಕಟ್ಟುವುದು?"

"ಬೀಳಿಸ್ಲಿಕ್ಕೂ ಹೌದು. ಬಿದ್ದ ಮೇಲೆ ಯಾಕೆ ಬಿತ್ತು ಅಂತ ನೋಡ್ತವೆ. ಎರಡು ಅರ್ಧ ಸೇರಿದ್ರೆ ಒಂದು ಅಂತ ನಾನು ಬಾಯಲ್ಲಿ ಹೇಳಿದ್ರೆ ಗಿಣಿಯ ಹಾಗೆ ಒಪ್ಪಿಸ್ತವೆ. ಕೈಯಲ್ಲಿ ಇಟ್ಟು ನೋಡಿದ್ರೆ ಅವಕ್ಕೇ ಗೊತ್ತಾಗ್ತದೆ, ಮತ್ತೆ ಮರೆಯುವುದಿಲ್ಲ. ನನ್ನ ಪಾಠ ಎಲ್ಲ ಆ ಮರವೇ ಮಾಡ್ಬೇಕು. ಮರ ಸುಳ್ಳು ಹೇಳ್ಬಾರದು ನೋಡಿ, ಅದಕ್ಕೇ ನಿಮ್ಮ ಹತ್ರ ಬಂದದ್ದು."

"ಆಯ್ತು, ಮಾಡಿ ಕೊಡ್ತೇನೆ" ಎಂದರು ಲಿಗೋರಿ. ಹೊಗಳಿಕೆ ಹಿತವಾಗಿತ್ತು. ಕೆಲಸ ಮಾತ್ರ ಹಿಡಿಸಲಿಲ್ಲ. ಆಗ ಅವರ ಕೈಯಲ್ಲಿ ಕದ್ರಿಯ ಒಂದು ದೊಡ್ಡ ಮನೆಯ ಸಾಗುವಾನಿ ಮೆಟ್ಟಿಲು ಇತ್ತು. ಆ ಮನೆಯಲ್ಲಿ ಮದುವೆಯ ದಿನ ಹತ್ತಿರ ಬಂದಿತ್ತು. ಬಳುಕಿಕೊಂಡು ಮೇಲೆ ಹೋಗುವ ಕೈಹಿಡಿಯ ಕೆತ್ತನೆಯನ್ನು ನೋಡಲಿಕ್ಕೆ ಜನ ಬಂದು ನಿಲ್ಲುತ್ತಿದ್ದರು. ಅದನ್ನು ಬಿಟ್ಟು ಮೂಗು ಒರೆಸಿಕೊಳ್ಳಲು ಬಾರದ ಮಕ್ಕಳಿಗೆ ಮರದ ತುಂಡು ಕೊಯ್ಯುವುದೇ!

ಕೊನೆಗೆ ಜೂನ್ ತಿಂಗಳಿನ ಒಂದು ಮಧ್ಯಾಹ್ನ, ಮೆಟ್ಟಿಲಿನ ಕೆಲಸಕ್ಕೆ ಹೋಗಲಾಗದಷ್ಟು ಮಳೆ ಹೊಯ್ಯುತ್ತಿದ್ದಾಗ, ಉಳಿದುಬಿದ್ದ ಹಲಸಿನ ಮರದ ಪಟ್ಟಿಗಳನ್ನು ಎತ್ತಿಕೊಂಡು ಕೂತರು. ಇಡೀ ತುಂಡುಗಳನ್ನು ಸರಿಯಾಗಿಯೇ ಮಾಡಿದರು, ಎಂಬತ್ತಲ್ಲ, ನೂರಿಪ್ಪತ್ತು. ಮತ್ತೆ ಅದರಲ್ಲಿ ನಲವತ್ತನ್ನು ತೆಗೆದು ನಡುವಿಗೆ ಗೆರೆ ಹಾಕಿ ಒಂದೊಂದನ್ನೇ ಎರಡು ಮಾಡುತ್ತಾ ಹೋದರು.

ಆರು ಇಂಚಿನ ತುಂಡನ್ನು ನಡುವೆ ಕೊಯ್ದರೆ ಮೂರು ಮೂರು ಇಂಚಿನ ಎರಡು ತುಂಡು ಸಿಗುವುದಿಲ್ಲ. ಗರಗಸದ ಹಲ್ಲು ಒಂದಿಷ್ಟು ಮರವನ್ನು ಹೊಟ್ಟು ಮಾಡಿ ಉದುರಿಸುತ್ತದೆ. ಕೊಯ್ದ ಮುಖವನ್ನು ಕೀಸುಳಿಯಿಂದ ನಯ ಮಾಡುವಾಗ ಇನ್ನೊಂದಿಷ್ಟು ಹೋಗುತ್ತದೆ. ಕೆಲಸ ಬಲ್ಲವನು ಗರಗಸ ತಿನ್ನುವಷ್ಟನ್ನು ಮೊದಲೇ ಬಿಟ್ಟು ಗೆರೆ ಹಾಕುತ್ತಾನೆ. ಲಿಗೋರಿಯವರಿಗೆ ಅದು ಎಂಟು ವರ್ಷದ ಪ್ರಾಯದಲ್ಲೇ ಗೊತ್ತಿತ್ತು. ಆ ಮಧ್ಯಾಹ್ನವೂ ಗೊತ್ತಿತ್ತು. ಮೊದಲನೆಯ ತುಂಡು ಎರಡಾಗಿ ಬಿದ್ದಾಗ ಜೋಡಿಸಿ ನೋಡಿದರು. ಎರಡೂ ಸೇರಿ ಇಡೀ ತುಂಡಿಗಿಂತ ಇಂಚಿನ ಎಂಟನೇ ಒಂದು ಭಾಗ ಕಡಿಮೆ. ಮಕ್ಕಳ ಆಟಕ್ಕೆ ಇಷ್ಟು ಸಾಕು ಎಂದುಕೊಂಡು ಎರಡನೆಯದಕ್ಕೆ ಗರಗಸ ಇಟ್ಟರು.

ವೆರೋನಿಕಾ ಬಾಯಿ ಎಲ್ಲವನ್ನೂ ಮರಳುಕಾಗದದಿಂದ ಉಜ್ಜಿ ನಯ ಮಾಡಿದರು. ಪೆಟ್ಟಿಗೆಯಲ್ಲಿ ತುಂಬಿಸಿ ಕದ್ರಿಗೆ ಕಳಿಸಿದಾಗ ಎಸ್ತೆರ್ ಟೀಚರ್ ಒಂದನ್ನು ಕೆನ್ನೆಗೆ ಒತ್ತಿಕೊಂಡು, "ಎಷ್ಟು ನಯ ಉಂಟು!" ಎಂದರಂತೆ. ಅಳೆದು ನೋಡಲಿಲ್ಲ. ಲಿಗೋರಿ ಮೇಸ್ತ್ರಿಯ ಕೆಲಸವನ್ನು ಯಾರೂ ಅಳೆದು ನೋಡುತ್ತಿರಲಿಲ್ಲ.

ಸೆಪ್ಟೆಂಬರಿನಲ್ಲಿ ಟೀಚರ ಮನೆಯ ಎರಡು ಕಿಟಕಿಯ ಬಾಗಿಲು ಕಳಚಿಕೊಂಡಿತ್ತು. ಲಿಗೋರಿ ಉಪಕರಣದ ಚೀಲ ಹಿಡಿದು ಹೋದರು. ಚಾವಡಿಯಲ್ಲಿ ಹದಿನೈದು ಇಪ್ಪತ್ತು ಮಕ್ಕಳು ನೆಲದ ಮೇಲೆ ಅವರು ಮಾಡಿದ ತುಂಡುಗಳನ್ನು ಹರಡಿಕೊಂಡು ಆಡುತ್ತಿದ್ದವು. ಅವರು ಜಗಲಿಯಲ್ಲಿ ಕೂತು ಕಿಟಕಿಯ ಚೌಕಟ್ಟು ಕೀಸುತ್ತಾ ಸುಮ್ಮನೆ ಕಣ್ಣು ಹಾಯಿಸಿದರು. ಕಣ್ಣು ಅಲ್ಲೇ ನಿಂತಿತು.

ಒಬ್ಬ ಹುಡುಗ ತುಂಡುಗಳನ್ನು ಒಂದರ ಮೇಲೊಂದು ನಿಲ್ಲಿಸುತ್ತಿದ್ದ. ಏಳನೆಯದಕ್ಕೆ ಬಿತ್ತು. ಮತ್ತೆ ಕಟ್ಟಿದ, ಮತ್ತೆ ಏಳಕ್ಕೇ ಬಿತ್ತು. ಮೂರನೆಯ ಸಲ ಕೆಳಗೆ ಎರಡೆರಡು ಇಟ್ಟು ಅಗಲ ಮಾಡಿದ. ಗೋಪುರ ಹನ್ನೊಂದರವರೆಗೆ ಹೋಯಿತು. ಬುಡ ಅಗಲ ಇದ್ದರೆ ಮೇಲೆ ನಿಲ್ಲುತ್ತದೆ ಎಂಬುದನ್ನು ಲಿಗೋರಿ ಬೆರಳ ಗಂಟಿಗೆ ಪೆಟ್ಟು ತಿಂದು ಕಲಿತಿದ್ದರು. ಈ ಹುಡುಗನಿಗೆ ಯಾರೂ ಹೊಡೆಯಲಿಲ್ಲ, ಯಾರೂ ಹೇಳಿಕೊಡಲೂ ಇಲ್ಲ. ಇನ್ನೆರಡು ಮಕ್ಕಳು ಒಂದು ತುಂಡಿಗಾಗಿ ಜಗಳ ಮಾಡಿಕೊಂಡು, ಮತ್ತೆ ಒಂದು ಹಿಡಿದುಕೊಂಡು ಇನ್ನೊಂದು ಇಡುವುದು ಎಂದು ರಾಜಿಯಾದವು. ಇದು ಆಟವೋ ಕೆಲಸವೋ ಎಂದು ಅವರಿಗೆ ಅನುಮಾನ ಬಂತು. ಕೀಸುಳಿ ನಿಂತೇಹೋಗಿತ್ತು.

ಗೋಡೆಯ ಹತ್ತಿರ ನಾಲ್ಕೂವರೆ ವರ್ಷದ ಒಬ್ಬಳು ಹುಡುಗಿ ಕೂತಿದ್ದಳು. ಹೆಸರು ನಳಿನಾಕ್ಷಿ. ತಾಯಿ ಗುಣವತಿ ಹಂಚಿನ ಕಾರ್ಖಾನೆಯಲ್ಲಿ ಹಂಚು ಹೊರುತ್ತಿದ್ದಳು, ತಂದೆ ಮುಂಬಯಿಯ ಹೋಟೆಲೊಂದರಲ್ಲಿದ್ದ. ಅಜ್ಜಿಯ ಮನೆ ತೊಕ್ಕೊಟ್ಟಿನಲ್ಲಿ. ಅಲ್ಲಿಗೆ ಹೋಗುವಾಗಲೆಲ್ಲ ದೋಣಿಯಿಂದ ನೇತ್ರಾವತಿಯ ರೈಲಿನ ಸಂಕವನ್ನು, ಆ ಉದ್ದದ ಸೇತುವೆಯನ್ನು ನೋಡಿದ್ದಳು. ಈಗ ಅದನ್ನೇ ಕಟ್ಟುತ್ತಿದ್ದಳು. ಒಂದು ಕಂಬಕ್ಕೆ ಇಡೀ ತುಂಡು ಎರಡನ್ನು ಒಂದರ ಮೇಲೊಂದು ನಿಲ್ಲಿಸಿದಳು. ಅಷ್ಟರಲ್ಲಿ ಉಳಿದ ಇಡೀ ತುಂಡುಗಳನ್ನು ಬೇರೆ ಮಕ್ಕಳು ತೆಗೆದುಕೊಂಡಿದ್ದರಿಂದ ಇನ್ನೊಂದು ಕಂಬಕ್ಕೆ ಅರ್ಧ ತುಂಡು ನಾಲ್ಕು ಪೇರಿಸಿದಳು. ಮೇಲೆ ಹಲಗೆ ಹಾಕಿ, ಹೊಲಿಗೆ ನೂಲಿನ ಖಾಲಿ ರೀಲನ್ನು ರೈಲು ಎಂದು ಇಟ್ಟಳು. ರೀಲು ತಾನೇ ಉರುಳಿ ಅರ್ಧ ತುಂಡಿನ ಕಡೆಯಿಂದ ಕೆಳಗೆ ಬಿತ್ತು. ಎತ್ತಿ ಇಟ್ಟಳು. ಮತ್ತೆ ಆ ಕಡೆಗೇ ಬಿತ್ತು.

ಅವಳು ಅಳಲಿಲ್ಲ, ಸಂಕವನ್ನು ಒದೆಯಲೂ ಇಲ್ಲ. ಹಲಗೆಯನ್ನು ಹಿಂದುಮುಂದು ಮಾಡಿ ನೋಡಿದಳು. ಮತ್ತೆ ಹಲಗೆ ತೆಗೆದು, ಒಂದು ಇಡೀ ತುಂಡನ್ನು ಮಲಗಿಸಿ, ಅದರ ಪಕ್ಕ ಎರಡು ಅರ್ಧ ತುಂಡು ಒತ್ತಿ ಮಲಗಿಸಿ, ತುದಿಯಲ್ಲಿ ಹೆಬ್ಬೆರಳು ಎಳೆದಳು. ಬೆರಳು ಸಣ್ಣ ಮೆಟ್ಟಿಲಿಗೆ ತಾಗಿ ನಿಂತಿತು. ಒಂದು ಅರ್ಧವನ್ನು ಅಡ್ಡ ತಿರುಗಿಸಿದಳು, ಮೆಟ್ಟಿಲು ಸಣ್ಣದಾಯಿತು. ಇನ್ನೊಂದನ್ನೂ ತಿರುಗಿಸಿದಳು, ಮೆಟ್ಟಿಲು ಹೋಯಿತು. ಕೊಯ್ದ ಕಡೆಯಿಂದ ಮಾತ್ರ ತುಂಡು ಗಿಡ್ಡ, ಇನ್ನೊಂದು ಕಡೆಯಿಂದ ಸರಿ ಎಂದು ಆ ಹುಡುಗಿ ಕಂಡುಹಿಡಿದುಬಿಟ್ಟಿದ್ದಳು! ಜಗಲಿಯಲ್ಲಿ ಕೂತ ಲಿಗೋರಿಯವರ ಕಿವಿ ಬಿಸಿಯಾಯಿತು.

"ಟೀಚರ್, ಉಂದು ಎಲ್ಯ" ಎಂದಳು ನಳಿನಾಕ್ಷಿ. ಇದು ಚಿಕ್ಕದು.

ಆ ದಿವಸ ಚಾವಡಿಯಲ್ಲಿ ಇಬ್ಬರು ಮಹಿಳೆಯರು ಕುರ್ಚಿಯಲ್ಲಿ ಕೂತಿದ್ದರು. ನರ್ಸರಿಗೆ ಏನಾದರೂ ಸಹಾಯ ಮಾಡಬಹುದೇ ಎಂದು ನೋಡಲು ಬಂದವರು. ಟೀಚರ್ ಅವರಿಗೆ ಈ ತುಂಡುಗಳ ಮಹಿಮೆಯನ್ನೇ ಹೇಳುತ್ತಿದ್ದರು.

"ಚಿಕ್ಕದಲ್ಲ ಮಗಾ. ಎರಡು ಅರ್ಧ ಸೇರಿದ್ರೆ ಒಂದು. ಸರಿಯಾಗಿ ಇಟ್ಟು ನೋಡು."

"ಇಲ್ಲ. ಹೀಗೆ ಇಟ್ರೆ ಚಿಕ್ಕದು, ಹೀಗೆ ಇಟ್ರೆ ದೊಡ್ಡದು."

ಮಹಿಳೆಯರಲ್ಲಿ ಒಬ್ಬರು ನಕ್ಕರು. ಟೀಚರ್ ಬಗ್ಗಿ ನೋಡಿದರು. ಹೌದು, ಕಡಿಮೆ ಇತ್ತು. ಅವರ ಮುಖ ಸಣ್ಣದಾಯಿತು. ಹೋದ ವಾರವಷ್ಟೇ ನಳಿನಾಕ್ಷಿ ಇನ್ನಿಬ್ಬರನ್ನು ಕೂಡಿಕೊಂಡು ಅಂಗಳದ ಸಿಮೆಂಟು ಮೆಟ್ಟಿಲಿನ ಮೇಲೆ ಒಂದು ತುಂಡನ್ನು ಉಜ್ಜಿ ಮಸಾಲೆ ಅರೆಯುವ ಆಟ ಆಡಿ ಬೈಸಿಕೊಂಡಿದ್ದಳು.

"ಉಜ್ಜಿ ಉಜ್ಜಿ ಸವೆಸಿದ್ದು ಇದು. ನೀನಲ್ವಾ ಮೆಟ್ಟಿಲಲ್ಲಿ ಮಸಾಲೆ ಅರೆದದ್ದು?"

"ಇದನ್ನಲ್ಲ ಟೀಚರ್."

"ಮತ್ತೆ ಇದು ತಾನೇ ಸವೆಯಿತಾ?" ಟೀಚರ್ ಜಗಲಿಯ ಕಡೆ ತಿರುಗಿದರು. "ಮೇಸ್ತ್ರಿ, ನೀವೇ ಹೇಳಿ. ನೀವು ಕೊಡುವಾಗ ಸರಿ ಇತ್ತಲ್ಲ?"

ಮಹಿಳೆಯರೂ ತಿರುಗಿದರು. ಹುಡುಗಿಯೂ ತಿರುಗಿದಳು. ಒಂದೇ ಶಬ್ದ ಸಾಕಿತ್ತು, ಅದು ಬಾಯಿಯವರೆಗೆ ಬಂದಿತ್ತು ಎಂದು ಲಿಗೋರಿ ಮುಂದೆ ಹೆಂಡತಿಗೆ ಹೇಳಿದರಂತೆ. ಆದರೆ ಕುರ್ಚಿಯಲ್ಲಿದ್ದ ಮಹಿಳೆಯರಲ್ಲಿ ಒಬ್ಬರು ಆ ಸಾಗುವಾನಿ ಮೆಟ್ಟಿಲಿನ ಮನೆಯವರು.

"ಹೌದು ಟೀಚರ್. ಸರಿ ಇತ್ತು."

ನಳಿನಾಕ್ಷಿ ಅವರನ್ನು ಒಂದು ಗಳಿಗೆ ನೋಡಿದಳು. ಸಿಟ್ಟಿನಿಂದಲ್ಲ. ದೊಡ್ಡವರಿಗೆ ಗೊತ್ತಿರುತ್ತದೆ ಎಂದು ನಂಬಿದ ಮಗು ನೋಡುವ ಹಾಗೆ ನೋಡಿದಳು. ಆ ವಾರ ಪೂರ್ತಿ ಅವಳು ಬ್ಲಾಕುಗಳನ್ನು ಮುಟ್ಟಬಾರದು ಎಂದಾಯಿತು. ಬೇರೆ ಮಕ್ಕಳು ಅವಳ ಸಂಕವನ್ನು ಬಿಚ್ಚಿ ಒಯ್ದವು. ಲಿಗೋರಿ ಕೀಸುಳಿ ಎತ್ತಿಕೊಂಡು ಬೇಡದಿದ್ದ ಕಡೆಯೂ ಕೀಸಿದರು. ಆ ಕಿಟಕಿ ಇವತ್ತಿಗೂ ಸರಿಯಾಗಿ ಮುಚ್ಚುವುದಿಲ್ಲ ಎಂದು ವೆರೋನಿಕಾ ಬಾಯಿ ಹೇಳಿದರು.

ಎರಡನೆಯ ಕಿಟಕಿಗೆ ಅವರು ಹೋದದ್ದು ಮುಂದಿನ ವಾರ. ಟೀಚರ್ ಆಗ ನಳಿನಾಕ್ಷಿಯನ್ನು ಹತ್ತಿರ ಕರೆದು ತಲೆ ಸವರಿ, ಮುಂದೆ ತುಂಡುಗಳನ್ನು ಇಟ್ಟು ಕೇಳಿದರು: "ಈಗ ಹೇಳು ಮಗಾ, ಎರಡು ಅರ್ಧ ಸೇರಿದ್ರೆ ಎಂತ ಆಗ್ತದೆ?"

"ಒಂದು."

"ಸರಿ ಉಂಟಾ?"

"ಸರಿ ಉಂಟು ಟೀಚರ್."

ತುಂಡುಗಳ ಕಡೆ ಅವಳು ನೋಡಲೇ ಇಲ್ಲ. ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು. ಲಿಗೋರಿಯವರಿಗೆ ಅಲ್ಲಿ ಕೂತುಕೊಳ್ಳಲಾಗಲಿಲ್ಲ. ಮೊಳೆ ತರಬೇಕು ಎಂದು ಹೇಳಿ ಎದ್ದು ಹೋದರು. ಚೀಲದಲ್ಲಿ ಮೊಳೆ ಇತ್ತು.

ಆ ಶನಿವಾರ ಇಗರ್ಜಿಗೆ ಹೋಗಿ ಪಾಪನಿವೇದನೆ ಮಾಡಿದರು. ಸುಳ್ಳು ಹೇಳಿದೆ, ಒಂದು ಮಗುವಿನ ಮೇಲೆ ತಪ್ಪು ಹೋಯಿತು ಎಂದರು. ಫಾದರ್ ಏನು ಸುಳ್ಳು ಎಂದು ಕೇಳಿದರು. ಆಟದ ಮರದ ತುಂಡು, ಇಂಚಿನ ಎಂಟನೇ ಒಂದು ಭಾಗ ಎಂದಾಗ ಪರದೆಯ ಆಚೆ ಫಾದರ್ ಸ್ವಲ್ಪ ನಕ್ಕ ಹಾಗೆ ಕೇಳಿಸಿತು. ಮೂರು ಸಲ ನಮಾನ್ ಮರಿಯೆ ಪ್ರಾರ್ಥನೆ ಹೇಳಿ, ಮುಂದೆ ಜಾಗ್ರತೆ ಮಾಡಿ ಎಂದರು. ಲಿಗೋರಿ ಮೂವತ್ತು ಸಲ ಹೇಳಿದರು. ಮನೆಗೆ ಬಂದು ಊಟಕ್ಕೆ ಕೂತಾಗ ಅನ್ನದ ತುತ್ತು ಕೈಯಲ್ಲೇ ಉಳಿಯಿತು.

"ಎಂತ ಆಯ್ತು ನಿಮಗೆ?" ಎಂದು ಕೇಳಿದರು ವೆರೋನಿಕಾ ಬಾಯಿ. ಆಗ ಎಲ್ಲವನ್ನೂ ಹೇಳಿದರು.

"ಹಾಗಾದ್ರೆ ಹೋಗಿ ಹೇಳಿ ಬನ್ನಿ."

"ಟೀಚರಿಗೆ ಹೇಳ್ಬೇಕಾ? ಊರೆಲ್ಲ ಗೊತ್ತಾಗ್ತದೆ. ನಾನು ಬೇರೆ ಒಂದು ಉಪಾಯ ಮಾಡ್ತೇನೆ."

ಆ ಉಪಾಯ ಇಷ್ಟೇ. ಒಳ್ಳೆಯ ಹೆಬ್ಬಲಸಿನ ಪಟ್ಟಿ ತಂದು ಎಂಬತ್ತು ಅರ್ಧ ತುಂಡುಗಳನ್ನು ಒಂದೊಂದಾಗಿ ಅಳೆದು ಮಾಡಿದರು. ಮೆಟ್ಟಿಲಿನ ಕೈಹಿಡಿಗೂ ಅವರು ಅಷ್ಟು ಹೊತ್ತು ಕೂತಿರಲಿಲ್ಲ. ನವರಾತ್ರಿಯ ರಜೆಯಲ್ಲಿ ಟೀಚರ ಮನೆಗೆ ಹೋಗಿ, ಬ್ಲಾಕುಗಳಿಗೆ ಎಣ್ಣೆ ಹಾಕಿ ತಂದುಕೊಡ್ತೇನೆ ಎಂದು ಪೆಟ್ಟಿಗೆ ಒಯ್ದರು. ಹಳೆಯ ಅರ್ಧ ತುಂಡುಗಳನ್ನು ಒಲೆಯ ಬದಿಗೆ ಸುರಿದು, ಹೊಸದನ್ನು ತುಂಬಿಸಿ ವಾಪಸು ಕೊಟ್ಟರು. ಯಾರಿಗೂ ಗೊತ್ತಾಗಲಿಲ್ಲ. ಎರಡು ದಿವಸ ಅವರು ಹಗುರವಾಗಿ ಓಡಾಡಿದರು, ಶಿಳ್ಳೆ ಕೂಡ ಹಾಕಿದರು.

ಶಾಲೆ ತೆರೆದ ಮೇಲಿನ ಭಾನುವಾರ, ಪೂಜೆ ಮುಗಿದು ಹೊರಗೆ ಬರುವಾಗ ಎಸ್ತೆರ್ ಟೀಚರ್ ಸಿಕ್ಕಿದರು. ತುಂಬ ಸಂತೋಷದಲ್ಲಿದ್ದರು.

"ಮೇಸ್ತ್ರಿ, ನಿಮ್ಮ ಎಣ್ಣೆಯಿಂದ ಬ್ಲಾಕ್ಸ್ ಎಲ್ಲ ಹೊಸದರ ಹಾಗೆ ಆಗಿವೆ. ಆ ಹುಡುಗಿ ನೆನಪುಂಟಾ, ಚಿಕ್ಕದು ಚಿಕ್ಕದು ಅಂತ ಹಟ ಮಾಡಿದವಳು? ಮೊನ್ನೆ ಎಲ್ಲ ಮಕ್ಕಳ ಎದುರು ಬೇರೆ ಬೇರೆ ತುಂಡುಗಳನ್ನು ಅವಳ ಕೈಯಲ್ಲೇ ಇಡಿಸಿ ತೋರಿಸಿದೆ. ಕೂದಲಿನಷ್ಟು ವ್ಯತ್ಯಾಸ ಇಲ್ಲ! ನೋಡು, ನೀನು ಉಜ್ಜಿದ್ದು ಮಾತ್ರ ಚಿಕ್ಕದು, ಸುಳ್ಳು ಹೇಳಿದ್ದಲ್ವಾ ಅಂತ ಕೇಳಿದೆ."

"ಅವಳೆಂತ ಹೇಳಿದಳು?"

"ಇದು ಅದಲ್ಲ ಅಂತಾಳೆ! ಬಣ್ಣ ಬೇರೆ ಅಂತಾಳೆ. ಉಳಿದ ಮಕ್ಕಳು ನಗಾಡಿದವು. ಆಮೇಲೆ ಅತ್ತಳು. ಪಾಪ. ಕೊನೆಗೆ ಒಪ್ಪಿಕೊಂಡಳು, ನಾನು ಸುಳ್ಳು ಹೇಳಿದ್ದು ಅಂತ."

ಲಿಗೋರಿ ಅಲ್ಲೇ ನಿಂತರು. ಜನ ಬದಿಯಿಂದ ಹಾದು ಹೋಗುತ್ತಿದ್ದರು, ಕೆಲವರು ನಮಸ್ಕಾರ ಹೇಳುತ್ತಿದ್ದರು.  ತಮ್ಮ ಸುಳ್ಳನ್ನು ಮುಚ್ಚಲಿಕ್ಕೆ ಮಾಡಿದ ಒಳ್ಳೆಯ ಕೆಲಸ ಆ ಮಗುವಿನ ಬಾಯಲ್ಲಿ ಸುಳ್ಳನ್ನು ಹಾಕಿತ್ತು. ಟೀಚರಿಗೆ ಅಲ್ಲೇ ಹೇಳಬೇಕಿತ್ತು. ಆದರೆ ಇಗರ್ಜಿಯ ಮುಂದೆ, ಅಷ್ಟು ಜನರ ನಡುವೆ ಬಾಯಿ ಏಳಲಿಲ್ಲ. ಮನೆಗೆ ಬಂದು ಒಲೆಯ ಬದಿಗೆ ಹೋಗಿ ನೋಡಿದರೆ ಹಳೆಯ ತುಂಡುಗಳು ಹೆಚ್ಚುಕಡಿಮೆ ಮುಗಿದಿದ್ದವು. ವೆರೋನಿಕಾ ಬಾಯಿ ಉರಿಸಿದ್ದರು. ಬೂದಿಯ ಪಕ್ಕ ಐದು ಉಳಿದಿದ್ದವು. ಅದರಲ್ಲಿ ಎರಡನ್ನು ಅಂಗಿಯ ಜೇಬಿಗೆ ಹಾಕಿಕೊಂಡರು.

ಸೋಮವಾರ ಬೆಳಿಗ್ಗೆ ಮಕ್ಕಳು ಚಾಪೆಯಲ್ಲಿ ಕೂತಿರುವಾಗಲೇ ಹೋದರು. ಟೀಚರ್ ಎದ್ದು ಬಂದು, "ಯಾವ ಕಿಟಕಿ ಮೇಸ್ತ್ರಿ?" ಎಂದರು.

"ಕಿಟಕಿ ಅಲ್ಲ ಟೀಚರ್. ಆ ಹುಡುಗಿಯ ಹತ್ರ ಮಾತಾಡ್ಲಿಕ್ಕುಂಟು. ನಿಮ್ಮ ಎದುರೇ."

ನಳಿನಾಕ್ಷಿ ಗೋಡೆಗೆ ಒರಗಿ ಕೂತಿದ್ದಳು. ಅವಳ ಮುಂದೆ ಒಂದು ಸ್ಲೇಟು ಇತ್ತು, ಬ್ಲಾಕುಗಳಿರಲಿಲ್ಲ. ಲಿಗೋರಿ ಅವಳ ಮುಂದೆ ನೆಲದಲ್ಲಿ ಕೂತರು. ಜೇಬಿನಿಂದ ಎರಡು ತುಂಡು ತೆಗೆದು ಒಂದು ಇಡೀ ತುಂಡಿನ ಪಕ್ಕ ಇಟ್ಟರು. 

"ಮಗಾ, ನೀನು ಹೇಳಿದ್ದೇ ಸರಿ. ಇದು ಚಿಕ್ಕದು. ನಾನೇ ಚಿಕ್ಕದು ಮಾಡಿದ್ದು. ಆ ದಿವಸ ಟೀಚರ್ ಕೇಳಿದಾಗ ನಾನು ಸುಳ್ಳು ಹೇಳಿದೆ. ಆಮೇಲೆ ಕದ್ದು ಬೇರೆ ತುಂಡು ಮಾಡಿ ತಂದಿಟ್ಟೆ. ಬಣ್ಣ ಬೇರೆ ಅಂತ ನೀನು ಹೇಳಿದ್ದೂ ಸರಿ."

ಅವಳು ಮೊದಲು ಟೀಚರ ಮುಖ ನೋಡಿದಳು. ಮತ್ತೆ ಕೇಳಿದಳು:

"ಹಾಗಾದ್ರೆ ನಾನು ಉಜ್ಜಲಿಲ್ವಾ?"

ಅಷ್ಟು ದಿನಗಳಲ್ಲಿ ತಾನೇ ಉಜ್ಜಿ ಸವೆಸಿದ್ದು ಎಂದು ಅವಳೇ ನಂಬಿಬಿಟ್ಟಿದ್ದಳು.

"ಇಲ್ಲ ಮಗಾ. ನೀನು ಎಂತದೂ ಮಾಡಲಿಲ್ಲ" ಎಂದರು ಲಿಗೋರಿ.  ಐವತ್ತು ದಾಟಿದ ಗಂಡಸು ಮಕ್ಕಳ ನಡುವೆ ಅಂಗೈಯಿಂದ ಮುಖ ಮುಚ್ಚಿಕೊಂಡರು. ಕೆಲವು ಮಕ್ಕಳು ಆಟ ಎಂದುಕೊಂಡು ನಕ್ಕವು.

ಎಸ್ತೆರ್ ಟೀಚರ್ ಅವರನ್ನು ಜಗಲಿಗೆ ಕರೆದರು. ಅವರ ಮುಖ ಕೆಂಪಾಗಿತ್ತು. ಜೋರು ಮಾಡುತ್ತಾರೆ ಎಂದು ಲಿಗೋರಿ ಕಾದರು. ಜೋರು ಮಾಡಿದ್ದರೆ ಅವರಿಗೆ ಒಳ್ಳೆಯದಾಗುತ್ತಿತ್ತು.

"ನಾನು ಒಂದು ಅಡಿಕೋಲು ತೆಗೆದು ಬೇರೆ ಒಂದು ತುಂಡು ಅಳೆದಿದ್ರೆ ಆಗ್ತಿತ್ತು" ಎಂದರು ಟೀಚರ್. "ಆ ಕುರ್ಚಿಯಲ್ಲಿ ಕೂತವರ ಎದುರು ನನಗೆ ನಾಚಿಕೆಯಾಗಿತ್ತು. ಮಗುವಿನ ಮಾತು ಬಿಟ್ಟು ನಿಮ್ಮ ಮಾತು ತೆಗೆದುಕೊಂಡೆ. ಕೈಗೆ ಗೊತ್ತಾದದ್ದನ್ನು ನಂಬಿ ಅಂತ ಕಲಿಸ್ಲಿಕ್ಕೆ ಹೊರಟವಳು ನಾನು. ಅವಳೀಗ ಮರ ನೋಡುವುದಿಲ್ಲ ಮೇಸ್ತ್ರಿ, ನನ್ನ ಮುಖ ನೋಡ್ತಾಳೆ. ನೋಡಿದಿರಲ್ಲ?"

"ನೋಡಿದೆ."

"ಅದನ್ನು ಹೇಗೆ ಸರಿ ಮಾಡುವುದು?"

 ಟೀಚರ್ ಒಳಗೆ ಹೋಗಿ ನಳಿನಾಕ್ಷಿಯ ಬದಿಯಲ್ಲಿ ನೆಲದ ಮೇಲೆ ಕೂತು, ಎಲ್ಲ ಮಕ್ಕಳನ್ನೂ ಸುತ್ತ ಕರೆದು, ತಾನು ಹೇಳಿದ್ದು ತಪ್ಪು, ನಳಿನಾಕ್ಷಿ ಹೇಳಿದ್ದು ಸರಿ ಎಂದು ತುಳುವಿನಲ್ಲೂ ಕೊಂಕಣಿಯಲ್ಲೂ ಹೇಳಿದರು. ಬೆರಳು ಎಳೆದು ನೋಡಲು ಮಕ್ಕಳೆಲ್ಲ ಸಾಲು ನಿಂತವು. ನಳಿನಾಕ್ಷಿ ಮಾತ್ರ ತನ್ನ ಸರದಿ ಬಂದಾಗ ಬೇಡ ಎಂದು ತಲೆಯಾಡಿಸಿದಳು.

ಆ ದಿವಸ ಸಂಜೆ ಲಿಗೋರಿ ಕಾರ್ಖಾನೆ ಬಿಡುವ ಹೊತ್ತಿಗೆ ಹೋಗಿ ಕದ್ರಿಯಲ್ಲೇ ಇದ್ದ ಗುಣವತಿಯ ಮನೆಯ ಅಂಗಳದಲ್ಲಿ ನಿಂತರು. ಗುಣವತಿ ತಲೆಯ ಮೇಲಿನ ಸಿಂಬೆ ತೆಗೆದು, ಕೈಕಾಲಿನ ಕೆಂಪು ಧೂಳು ತೊಳೆಯುತ್ತಿದ್ದಳು. ಅವರು ಹೇಳಿ ಮುಗಿಸುವವರೆಗೂ ಚೊಂಬು ಹಿಡಿದುಕೊಂಡೇ ಕೇಳಿದಳು.

"ಟೀಚರ್ ನನಗೆ ಆಗಲೇ ಹೇಳಿದ್ದರು, ಮಗಳು ಬ್ಲಾಕು ಹಾಳು ಮಾಡಿ ಸುಳ್ಳು ಹೇಳ್ತಾಳೆ ಅಂತ" ಎಂದಳು. "ಶಾಲೆಯಿಂದ ಬಿಡಿಸಿದ್ರೆ ನಾನು ಇವಳನ್ನು ಎಲ್ಲಿ ಬಿಟ್ಟು ಕೆಲಸಕ್ಕೆ ಹೋಗುವುದು? ಅದೇ ಹೆದರಿಕೆಯಲ್ಲಿ ಹೊಡೆದೆ. ಸೌಟಿನಲ್ಲಿ ಹೊಡೆದೆ. ಒಪ್ಪಿಕೊಳ್ಳುವವರೆಗೆ ಹೊಡೆದೆ." ಚೊಂಬಿನ ನೀರನ್ನು ನೆಲಕ್ಕೆ ಚೆಲ್ಲಿದಳು. "ನೀವು ಹೋಗಿ ಮೇಸ್ತ್ರಿ."

ಲಿಗೋರಿ ಹೋದರು.

ಆ ವರ್ಷದ ಕೊನೆಯಷ್ಟರಲ್ಲಿ ನಳಿನಾಕ್ಷಿ ಮತ್ತೆ ಕಟ್ಟಲು ಶುರುಮಾಡಿದಳು ಎಂದು ಟೀಚರ್ ಹೇಳಿ ಕಳಿಸಿದರು. ಮೊದಲು ಬೇರೆಯವರಿಗೆ ತುಂಡು ಎತ್ತಿಕೊಡುತ್ತಿದ್ದಳು, ಮತ್ತೆ ತಾನೇ ಇಡತೊಡಗಿದಳು. ಸಂಕ ಮಾತ್ರ ಕಟ್ಟಲಿಲ್ಲವಂತೆ. ಊರಿನಲ್ಲಿ ಯಾರಿಗೂ ವಿಷಯ ಗೊತ್ತಾಗಲಿಲ್ಲ. ಟೀಚರ್ ಹೇಳಲಿಲ್ಲ, ಗುಣವತಿ ಹೇಳಲಿಲ್ಲ. ಲಿಗೋರಿ ಮೇಸ್ತ್ರಿಯ ಬಾಗಿಲುಗಳನ್ನು ಜನ ಮೊದಲಿನ ಹಾಗೆಯೇ ಹೊಗಳುತ್ತಿದ್ದರು. ಹೊಗಳಿದಾಗ ಅವರು ಸುಮ್ಮನೆ ಉಳಿ ಮಸೆಯುತ್ತಿದ್ದರು. ನಾವದನ್ನು ವಿನಯ ಎಂದು ತಿಳಿದಿದ್ದೆವು.

ಅರವತ್ತಾರನೇ ಇಸವಿಯಲ್ಲಿ ಒಂದು ದಿನ ಗುಣವತಿಯೇ ಮಗಳನ್ನು ಕರೆದುಕೊಂಡು ಶೆಡ್ಡಿಗೆ ಬಂದಳು. ನಳಿನಾಕ್ಷಿಗೆ ಆಗ ಹನ್ನೆರಡು ತುಂಬಿತ್ತು, ಎರಡು ಜಡೆ, ನೀಲಿ ಲಂಗ. ಲೆಕ್ಕದಲ್ಲಿ ಕ್ಲಾಸಿಗೆ ಮೊದಲು ಬಂದಿದ್ದಳು. ಓದಲಿಕ್ಕೆ ಒಂದು ಮೇಜು ಬೇಕಿತ್ತು. ತಾಯಿ ಹಳೆಯದನ್ನೇನೂ ಎತ್ತಲಿಲ್ಲ. ವೆರೋನಿಕಾ ಬಾಯಿ ಚಾ ತಂದರು.

ಹುಡುಗಿ ಶೆಡ್ಡಿನ ಮೂಲೆಮಟ್ಟ, ಕೀಸುಳಿಗಳನ್ನೆಲ್ಲ ಮುಟ್ಟಿ ನೋಡುತ್ತಾ, "ಇದು ಎಂತದಕ್ಕೆ? ಅದು ಎಂತದಕ್ಕೆ?" ಎಂದು ಕೇಳುತ್ತಿದ್ದಳು. ಅವಳಿಗೆ ತಮ್ಮ ಗುರುತು ಇಲ್ಲ ಎಂದು ಲಿಗೋರಿಯವರಿಗೆ ಗೊತ್ತಾಯಿತು. ಒಂದು ಗಳಿಗೆ ಎದೆ ಹಗುರವಾಯಿತು. ಹಗುರವಾದದ್ದಕ್ಕೇ ನಾಚಿಕೆಯಾಯಿತು. ಅವರು ಅವಳನ್ನು ಬೆಂಚಿನ ಮೇಲೆ ಕೂರಿಸಿ, ಎಲ್ಲವನ್ನೂ ಮೊದಲಿನಿಂದ ಹೇಳಿದರು. ಮರದ ತುಂಡು, ಸಂಕ, ತಾವು ಹೇಳಿದ ಸುಳ್ಳು.

ನಳಿನಾಕ್ಷಿ ಯಾರದೋ ಕತೆಯ ಹಾಗೆ ಕೇಳಿದಳು. ಗರಗಸ ಮರ ತಿನ್ನುವ ವಿಷಯ ಬಂದಾಗ ಕಣ್ಣರಳಿಸಿ, "ಹೌದಾ? ಒಂದು ಸಲಕ್ಕೆ ಎಷ್ಟು ತಿನ್ನುತ್ತದೆ?" ಎಂದಳು. 

"ನನಗೆ ಅದು ಒಂದೂ ನೆನಪಿಲ್ಲ ಮೇಸ್ತ್ರಿ. ಅಮ್ಮ ಸೌಟಿನಲ್ಲಿ ಹೊಡೆದದ್ದು ನೆನಪುಂಟು. ಯಾಕೆ ಹೊಡೆದದ್ದು ಅಂತ ಗೊತ್ತಿರಲಿಲ್ಲ."

ಗುಣವತಿ ಚಾದ ಲೋಟವನ್ನು ಕೆಳಗಿಟ್ಟು ಅಂಗಳದ ಕಡೆ ಮುಖ ತಿರುಗಿಸಿದಳು. ಲಿಗೋರಿ ಅಡಿಕೋಲು ಬಿಡಿಸಿ, ಹುಡುಗಿಯನ್ನು ಮಣೆಯ ಮೇಲೆ ನೇರ ಕೂರಿಸಿ, ಅವಳ ಮೊಣಕೈ ನೆಲದಿಂದ ಎಷ್ಟು ಎತ್ತರ ಬರುತ್ತದೆ ಎಂದು ಮೂರು ಸಲ ಅಳೆದರು.

ಮೇಜು ಹದಿನೈದು ದಿವಸದಲ್ಲಿ ಆಯಿತು. ಅದನ್ನು ಅವರೇ ತಲೆಯ ಮೇಲೆ ಹೊತ್ತು ಕದ್ರಿಗೆ, ಗುಣವತಿಯ ಮನೆಯವರೆಗೆ ನಡೆದರು. ಹೋದದ್ದು ಒಂದು ಬುಧವಾರ ಮಧ್ಯಾಹ್ನ. ತಾಯಿ ಕಾರ್ಖಾನೆಯಲ್ಲೂ ಮಗಳು ಶಾಲೆಯಲ್ಲೂ ಇರುವ ಹೊತ್ತು ನೋಡಿ ಹೋಗಿ, ಜಗಲಿಯಲ್ಲಿ ಮೇಜು ಇಳಿಸಿ, ಯಾರೂ ನೋಡಿ ಹೊಗಳುವ ಮೊದಲು ಬಂದುಬಿಟ್ಟರು.